ತೇಲಿ ಬಂದ ಹುರುಳಿ ಕಾಳು

ನಾನು ಒಂದು ಹುರುಳಿ ಕಾಳು. ಮೈಯೆಲ್ಲ ಇದ್ದಿಲು. ವಯಸ್ಸು ಹೆಚ್ಚುಕಡಿಮೆ ನಾಲ್ಕು ಸಾವಿರ ವರ್ಷ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ!

ಬಳ್ಳಾರಿ ಸೀಮೆಯ ಒಂದು ಬಂಡೆಗುಡ್ಡದ ಕೆಳಗೆ ನಾನು ಹುಟ್ಟಿದೆ. ಕಲ್ಲಿನ ಕೊಡಲಿ ಹಿಡಿಯುತ್ತಿದ್ದ ಜನ ನಮ್ಮನ್ನು ಬಿತ್ತಿದರು, ಕಿತ್ತರು, ಬಡಿದು ಗುಡಿಸಲಿಗೆ ತಂದರು. ಒಬ್ಬ ಹೆಂಗಸು ಮಡಕೆಯಲ್ಲಿ ಹುರಿಯುವಾಗ ನಾನು ಚಟ್ಟನೆ ಹಾರಿ ಒಲೆಯ ಬೂದಿಗೆ ಬಿದ್ದೆ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಮುಗಿದದ್ದು ಮಡಕೆಯಲ್ಲಿದ್ದವರದು! ಅವರೆಲ್ಲ ಅಂದೇ ಊಟವಾದರು. ನಾನು ಬೂದಿಯಡಿ ಮೆಲ್ಲಗೆ ಸುಟ್ಟು ಇದ್ದಿಲಾದೆ. ಇದ್ದಿಲನ್ನು ಹುಳ ತಿನ್ನುವುದಿಲ್ಲ, ಮಣ್ಣು ಕೊಳೆಸುವುದಿಲ್ಲ. ಹಾಗಾಗಿ ಉಳಿದೆ.

ಆಮೇಲೆ ಬರೀ ನಿದ್ದೆ. ಎಚ್ಚರವಾದದ್ದು ಕರಣೆಯ ಸದ್ದಿಗೆ. ಶೈಲಜಾ ಎಂಬ ಪುರಾತತ್ವದ ಮೇಡಂ ನಮ್ಮ ದಿಬ್ಬ ಅಗೆಯುತ್ತಿದ್ದರು. ಇಲ್ಲಿನವರು ದನ ಕಾಯ್ದುಕೊಂಡಿದ್ದವರು, ಬೇಸಾಯ ಅರಿಯದವರು ಎಂದು ಯಾರೋ ದೊಡ್ಡ ಪ್ರೊಫೆಸರು ಬರೆದಿದ್ದರಂತೆ. ನನ್ನನ್ನು ಬಿತ್ತಿದವರ ಬಗ್ಗೆ ಇಂಥ ಮಾತು! ಅಲ್ಲವೆಂದು ತೋರಿಸಲು ಶೈಲಜಾಗೆ ಕಾಳು ಬೇಕಿತ್ತು. ಹತ್ತು ದಿನದ ಅನುಮತಿಯಲ್ಲಿ ಒಂಬತ್ತು ಕಳೆದರೂ ಒಂದೂ ಸಿಕ್ಕಿರಲಿಲ್ಲ. ನಾನಿದ್ದ ಒಲೆಯ ಮಣ್ಣೇ ಕೊನೆಯ ಚೀಲ. ಇಲ್ಲಿದ್ದೀನಿ ತಾಯಿ, ಇಲ್ಲಿದ್ದೀನಿ ಎಂದು ಒಳಗಿಂದಲೇ ಒದ್ದಾಡಿದೆ.

ಮಣ್ಣು ತೊಳೆಯುವ ಕೆಲಸ ಊರಿನ ಗಾಳೆಮ್ಮನದು. ನೀರಿನ ಡ್ರಮ್ಮಿಗೆ ಮಣ್ಣು ಸುರಿದು ಕಲಕಬೇಕು, ನೀರನ್ನು ತೆಳುಬಟ್ಟೆಗೆ ಬಸಿಯಬೇಕು. ಮೇಡಂ ಹೇಳಿದ್ದು ಇಷ್ಟೇ. ಹೇಳಿ ಗುಂಡಿಗೆ ಇಳಿದುಬಿಡುತ್ತಿದ್ದರು. ಗಾಳೆಮ್ಮ ಕಲಕಿದಳು. ಕಲ್ಲು ತಳಕ್ಕೆ ಹೋಯಿತು, ಹಗುರವಾಗಿದ್ದ ನಾನು ಮೇಲೆ ಬಂದೆ. ಆಹಾ, ಬೆಳಕು! ಹಿಗ್ಗುವಷ್ಟರಲ್ಲಿ ನಾನು ಅವಳ ಅಂಗೈಯಲ್ಲಿದ್ದೆ, ಅಂಗೈ ಜಾಲಿಗಿಡದ ಕಡೆ ತಿರುಗಿತ್ತು. ಅಲ್ಲಿ ಒಂಬತ್ತು ದಿನದ ಕರಿ ಗುಡ್ಡೆ! ಹುಟ್ಟಿದಾಗಿನಿಂದ ಬೇಳೆಕಾಳು ತೊಳೆದ ಕೈ ಅದು. ತೇಲಿದ್ದು ಜೊಳ್ಳು, ಚೆಲ್ಲಬೇಕು. ಬೇರೆ ಯಾರು ತಾನೆ ಏನು ಮಾಡುತ್ತಿದ್ದರು?

"ಮೇಡಮ್ಮಾರ, ದಿನಾ ಈ ಹುರಳಿ ಜೊಳ್ಳು ತೆಗೆದೂ ತೆಗೆದೂ ಸಾಕಾತು ನೋಡ್ರಿ" ಎಂದಳು ಗಾಳೆಮ್ಮ.

ಗುಂಡಿಯೊಳಗೆ ಕರಣೆ ನಿಂತಿತು. "ಏನು ಜೊಳ್ಳು ಅಂದ್ರಿ?"

"ಹುರಳಿದ್ರಿ. ಸುಟ್ಟೈತಿ, ಆದ್ರ ಹುರಳೀನ."

ಶೈಲಜಾ ಓಡಿಬಂದು ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಮಸೂರದಲ್ಲಿ ನೋಡಿದರು. ಕಾಡುಹುರುಳಿಗಿಂತ ನಾನು ದಪ್ಪ, ಅಂದರೆ ಬಿತ್ತಿ ಬೆಳೆದ ಕಾಳು. ಡ್ರಮ್ಮಿನಲ್ಲಿ ನನ್ನಂಥವರು ಇನ್ನೂ ಮೂವತ್ತು ಮಂದಿ, ಜೊತೆಗೆ ಹೆಸರುಕಾಳು, ಕೊರಲೆ ಎಂಬ ಕಿರುಧಾನ್ಯ. ಬಿತ್ತಿದವರು, ಬೆಳೆದವರು, ಹುರಿದು ತಿಂದವರು ಇಲ್ಲೇ ಇದ್ದರು!

ವಿಷಯ ತಿಳಿದ ಗಾಳೆಮ್ಮ ಅಳುಮೋರೆ ಮಾಡಿದಳು. "ಒಂಬತ್ತು ದಿನದ್ದೆಲ್ಲ ನಾನ ಚೆಲ್ಲೀನಲ್ರೀ!"

ಆ ಗುಡ್ಡೆಯಲ್ಲಿ ಯಾವುದು ಮಣ್ಣಿನ ಯಾವ ಪದರದ್ದು, ಎಷ್ಟು ಹಳೆಯದು ಎಂದು ಇನ್ನು ಹೇಳುವಂತಿರಲಿಲ್ಲ. ಶೈಲಜಾ ಕಣ್ಣೊರೆಸಿಕೊಂಡು ನಕ್ಕರು. "ತೇಲಿದ್ದೇ ಬೇಕು ಅಂತ ನಾನು ಹೇಳಲೇ ಇಲ್ಲ. ತಪ್ಪು ನನ್ನದು. ಗುರುತು ಹಿಡಿದದ್ದು ನೀವು."

ಈಗ ನಾನು ಒಂದು ಪುಟ್ಟ ಗಾಜಿನ ಸೀಸೆಯಲ್ಲಿದ್ದೇನೆ. ಚೀಟಿಯಲ್ಲಿ ಗಾಳೆಮ್ಮನ ಹೆಸರಿದೆ. ಬಿಡಾರ ಕೀಳುವ ದಿನ ಅವಳು ಮನೆಯಿಂದ ಒಂದು ಹಿಡಿ ಹುರುಳಿ ತಂದು ನನ್ನ ಪಕ್ಕ ಸುರಿದಳು. "ನೋಡವ್ವಾ, ನಿನ್ನ ಮಕ್ಕಳು ಮರಿ."

ಎಂಥ ಕೆಂಪು, ಎಂಥ ಹೊಳಪು! ನಾನು ಮೊಳೆಯಲೇ ಇಲ್ಲ. ಆದರೆ ಯಾರೋ ಸುಗ್ಗಿ ಸುಗ್ಗಿಗೂ ಒಂದಿಷ್ಟು ಬೀಜ ತಿನ್ನದೆ ಎತ್ತಿಟ್ಟಿದ್ದಾರೆ, ನಾಲ್ಕು ಸಾವಿರ ವರ್ಷ. ನನಗೆ ಸಂತೋಷ ತಡೆಯಲಾಗಲಿಲ್ಲ.

ಗಾಳೆಮ್ಮ ಅದೇ ಹುರುಳಿಯನ್ನು ಮಧ್ಯಾಹ್ನದ ಸಾರಿಗೆಂದು ನೀರಿಗೆ ಹಾಕಿದಳು. ನಾಲ್ಕು ಕಾಳು ತೇಲಿದವು. ಬಾಚಿ ಚೆಲ್ಲಲು ಹೋದ ಕೈ ಹಾಗೇ ನಿಂತಿತು. ಅವಳು ಬಗ್ಗಿ, ಒಂದೊಂದನ್ನೂ ತಿರುಗಿಸಿ ನೋಡಿದಳು.