ಕಪಿಲೆಯ ಬೂದಿ

ಕೊಹಿನೂರು ಹಳ್ಳಿಯ ಭಾಗಮ್ಮನ ಹಸು ಕಪಿಲೆ ತೀರಿಹೋಗಿತ್ತು. ಅದರ ಸಗಣಿಯಿಂದ ತಟ್ಟಿದ ಕಡೆಯ ಕುಳ್ಳು ಸುಟ್ಟ ಬೂದಿಯನ್ನು ಭಾಗಮ್ಮ ಒಂದು ಡಬ್ಬಿಯಲ್ಲಿ ಜೋಪಾನ ಮಾಡಿದ್ದಳು. ಹುಣ್ಣಿಮೆಗೆ ಅದನ್ನು ಕಲಸಿ ವಿಭೂತಿ ಗಟ್ಟಿ ಕಟ್ಟುವುದಿತ್ತು.

ಹುಮನಾಬಾದಿನಿಂದ ಹೊಸದಾಗಿ ಬಂದ ಸೊಸೆ ಮನಿಷಾ, ದನಗಳಿಗೆಂದು ಬಸವಕಲ್ಯಾಣದಿಂದ ತಂದ ಪುಡಿ ಉಪ್ಪನ್ನು ಆ ಡಬ್ಬಿಗೇ ಸುರಿದಳು. ಕೊಟ್ಟಿಗೆಯಲ್ಲಿ ಬೆಳಕು ಕಡಿಮೆ. ಡಬ್ಬಿಗಳು ಒಂದೇ ಥರ. ಪೂರ್ತಿ ಹಿಡಿಯಲೆಂದು ಕುಲುಕಿಯೂ ಬಿಟ್ಟಳು.

ಭಾಗಮ್ಮ ಬೈಯಲಿಲ್ಲ. "ಹೋಗ್ಲಿ ಬಿಡವ್ವ. ಹಳ್ಳಕ್ಕ ಬಿಟ್ಟು ಬಾ," ಎಂದಳು. ಬೈಯದಿದ್ದುದೇ ಮನಿಷಾಗೆ ಚುಚ್ಚಿತು.

"ಬಿಡಂಗಿಲ್ರಿ ಅತ್ತಿ. ಉಪ್ಪು ತೆಗಿತೀನಿ."

ಮಾವ ಬಕ್ಕಪ್ಪ ನಕ್ಕ. "ಒಂದೊಂದೇ ಉಪ್ಪಿನ ಹಳ್ಳು ಆರಸ್ತಿ ಏನ? ಹಂಗಾದ್ರ ಬರೋ ವರ್ಷದ ಹುಣ್ಣಿಮಿ ಬೇಕು."

ಮನಿಷಾ ಬೂದಿಯನ್ನು ಕೊಡದ ನೀರಿಗೆ ಹಾಕಿ ಕಲಕಿ, ಹಳೆಯ ಧೋತರದಲ್ಲಿ ಸೋಸಿದಳು. ಬಟ್ಟೆಗೆ ಸಿಕ್ಕಿದ್ದು ಕಸಕಡ್ಡಿ ಮಾತ್ರ; ನುಣ್ಣನೆಯ ಬೂದಿ ನೀರಿನ ಜೊತೆಗೇ ಇಳಿಯಿತು. ನೀರು ಅಷ್ಟೇ ಉಪ್ಪು.

"ಸಿಗಲಿಲ್ಲ ನೋಡು," ಎಂದ ಬಕ್ಕಪ್ಪ.

"ಉಪ್ಪು ಕರಗೇದ್ರಿ ಮಾವಾ. ಅದು ಬಟ್ಟಿಗೂ ಸಿಗಂಗಿಲ್ಲ, ತಳಕ್ಕೂ ಕೂಡಂಗಿಲ್ಲ. ಬೂದಿ ಕರಗಿಲ್ಲ, ಬರೇ ತೇಲಾಕತ್ತದ. ಸುಮ್ಮನ ಬಿಟ್ಟರ ತಳಕ್ಕ ಕೂಡತದ."

"ಎರಡೂ ಒಂದೇ ನೀರಾಗ ಅವಲ್ಲ?"

"ಅವ. ಆದರ ಇರೋ ರೀತಿ ಬ್ಯಾರೆ."

ಕೊಡವನ್ನು ಯಾರೂ ಮುಟ್ಟದ ಮೂಲೆಗಿಟ್ಟಳು. ಸಂಜೆ ಭಾಗಮ್ಮ ದೀಪದ ಮುಂದೆ ಕೂತು ವಚನ ಹೇಳುತ್ತಿದ್ದರೆ, ಮನಿಷಾ ಕೇಳುತ್ತ ಕೊಡ ಕಾದಳು. ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಬೂದಿ. ಕದಲಿಸದೆ ತಿಳಿಯನ್ನು ಬಗ್ಗಿಸಿದಳು, ಹೊಸ ನೀರು ಹಾಕಿ ಕಲಕಿದಳು, ಮತ್ತೆ ಕಾದಳು. ಒಮ್ಮೆ ಅವಸರ ಮಾಡಿದಳು. ನೀರಿನ ಜೊತೆ ಬೂದಿಯೂ ಜಾರಿತು. ಕೂಡಲೇ ಕೊಡ ನೆಟ್ಟಗೆ ಮಾಡಿ, ಮೊದಲಿನಿಂದ ಕೂರಲು ಬಿಟ್ಟಳು. ಪ್ರತಿ ಸಲ ಬೆರಳದ್ದಿ ನೆಕ್ಕುವಳು. ಪ್ರತಿ ಸಲ ಉಪ್ಪು ಕಡಿಮೆ. ಕೊನೆಗೆ ನಾಲಗೆಗೆ ಬರೀ ನೀರು.

ಹುಣ್ಣಿಮೆಯ ದಿನ ಭಾಗಮ್ಮ ಹೊಸ ಗಟ್ಟಿಯನ್ನು ತೇಯ್ದು, ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಮನಿಷಾ ಹೊಸ್ತಿಲಲ್ಲೇ ನಿಂತಳು.

"ಹಣಿ ಉರಿಯವಲ್ದು," ಎಂದಳು ಭಾಗಮ್ಮ.

"ಉಪ್ಪು ಪೂರಾ ಹೋಗೇದ್ರಿ."

"ಉಪ್ಪಿನ ಮಾತಲ್ಲವ್ವ. ನಮ್ಮ ಮನಿ ವಿಭೂತಿ ಮೊದಲಿಂದ ಹಣಿಗಿ ಉರೀತಿತ್ತು. ನಾವು ತೊಳೀದೇ ಕಲಸ್ತಿದ್ವಿ."

"ಬೂದ್ಯಾಗ ಉರಿ ತರೋ ಸವಳೂ ಕರಗಿ ನೀರಿನ ಕೂಡ ಹೋಗೇದ್ರಿ ಅತ್ತಿ."

"ಅಂದ್ರ ಬರೋ ಸಲ ಮೊದಲೇ ಉಪ್ಪು ಹಾಕಬೇಕೇನ?" ಎಂದ ಬಕ್ಕಪ್ಪ.

"ನೀರು ಸಾಕು," ಎನ್ನುತ್ತ ಭಾಗಮ್ಮ ಬೂದಿಯ ಖಾಲಿ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟಳು. "ಇನ್ನ ಇದು ನಿನ್ನ ಕಡೀನೇ ಇರಲಿ."