ಮೊದ್ದುವಿನ ಕಿವಿ

"ಮೊದ್ದೂ, ನಿನ್ನ ಕಿವಿಗೆ ಎಣ್ಣೆ ಸುರಿದ ಪುಣ್ಯಾತ್ಮರು ಯಾರು ಅಂತ ಕೇಳು," ಎಂದ ಗಡಿಯಾರ ರಿಪೇರಿಯವನು, ನಾಯಿಯ ಕಿವಿಯನ್ನು ಮಗುಚಿ ಹಿಡಿದು.

ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಹೆಂಡತಿಯೂ ನಾಯಿಗೇ ಉತ್ತರ ಕೊಟ್ಟಳು. "ಕೆರ್ಕೊಂಡು ಕೆರ್ಕೊಂಡು ರಕ್ತ ಬರ್ತಿತ್ತು, ಅದಕ್ಕೇ ಹಾಕಿದ್ದು ಅನ್ನು. ಅಂಗಡಿಯಲ್ಲೇ ಬಿದ್ದಿರೋರಿಗೆ ಇದೆಲ್ಲ ಎಲ್ಲಿ ಕಾಣತ್ತೆ ಅಂತಾನೂ ಅನ್ನು."

ಮೂರು ವರ್ಷದಿಂದ ಆ ಮನೆಯ ಮಾತುಕತೆ ನಡೆಯುತ್ತಿದ್ದದ್ದು ಹೀಗೆ. ಮಗಳು ತಾನು ಮೆಚ್ಚಿದವನ ಜೊತೆ ಹೊರಟ ದಿನ ಅಪ್ಪ ಬಾಗಿಲು ಹಾಕಿಕೊಂಡ, ಅಮ್ಮ ಬಾಯಿ ಮುಚ್ಚಿಕೊಂಡಳು. ನಡುವೆ ಉಳಿದದ್ದು ಮಗಳು ಸಾಕಿದ ನಾಯಿ. ಹಾಲು ಮುಗಿದದ್ದು, ನಲ್ಲಿ ಸೋರುತ್ತಿದ್ದದ್ದು, ನೆಂಟರಲ್ಲಿ ಯಾರೋ ಸತ್ತದ್ದು, ಎಲ್ಲವೂ ಅದರ ಮೂಲಕವೇ ಆಚೀಚೆ ಹೋಗಬೇಕು. ಹೆಸರಿಗೆ ಮೊದ್ದು, ಆದರೆ ಮನೆಯಲ್ಲಿ ಬುದ್ಧಿ ಅಂತ ಇದ್ದದ್ದು ಅದಕ್ಕೊಂದಕ್ಕೇ. ಯಾರು ಬಾಯಿ ತೆರೆದರೂ ಅವರ ಕಡೆ ಕಿವಿ ನಿಮಿರಿಸುತ್ತಿತ್ತು. ಇಬ್ಬರಿಗೂ ಅಷ್ಟು ಸಾಕಿತ್ತು.

ನಾಯಿಯ ಡಾಕ್ಟರಮ್ಮ ಎರಡೂ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಎಣ್ಣೆಗಿಣ್ಣೆ ಮುಟ್ಟಬೇಡಿ ಎಂದು ಗದರಿದಳು. ಕಿವಿಯ ಬುಡ ನೀವಿ, ಹತ್ತಿಯಲ್ಲಿ ಕೊಳೆ ಒರೆಸಿ, ಆಮೇಲೆ ಔಷಧಿಯ ಹನಿ ಬಿಡಬೇಕು. ದಿನಕ್ಕೆರಡು ಸಲ, ಮೂರು ವಾರ. ತುರಿಕೆ ನಿಂತಿತೆಂದು ನಡುವೆ ಬಿಟ್ಟರೆ ಸೋಂಕು ಒಳಕ್ಕಿಳಿಯುತ್ತದೆ, ಮೊದಲೇ ವಯಸ್ಸಾದ ನಾಯಿ, ಕಿವಿ ಕೇಳಿಸುವುದೇ ಹೋದೀತು ಎಂದಳು.

ಒಬ್ಬರು ಹಿಡಿಯದೆ ಇನ್ನೊಬ್ಬರು ಹಾಕುವಂತಿರಲಿಲ್ಲ. ಹಾಗಾಗಿ ಗಂಡ ಹೆಂಡತಿ ಬಹಳ ಕಾಲದ ಮೇಲೆ ಒಂದೇ ಚಾಪೆಯ ಮೇಲೆ ಕೂತರು. ಅವಳು ನಾಯಿಯ ತಲೆಯನ್ನು ತೊಡೆಗೆ ಒತ್ತಿ ಹಿಡಿದಳು. ಅವನು ಗಡಿಯಾರದ ಹಲ್ಲುಚಕ್ರ ಎತ್ತುವ ನಾಜೂಕಿನಲ್ಲೇ ಕೊಳೆ ತೆಗೆದ. ನಾಯಿ ಹಾಯೆನಿಸಿ ಸಣ್ಣಗೆ ನರಳಿ ಕಣ್ಣು ಮುಚ್ಚಿತು. ಮೂರನೆಯ ಸಂಜೆ ಅವನ ಬೆರಳು ಅವಳ ಬೆರಳ ಮೇಲೆ ಹೋಗಿ ಕೂತಿತು. ಅವಳು ಕೈ ತೆಗೆಯಲಿಲ್ಲ. ಏನಾದರೂ ಒಳ್ಳೆಯ ಮಾತಾಡಬೇಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಆದರೆ ಹಾಳು ನಾಲಿಗೆಗೆ ಬೇರೆ ಅಭ್ಯಾಸವೇ ಇರಲಿಲ್ಲ.

"ನೋಡೋ ಮೊದ್ದು, ಎಷ್ಟು ಬಿಗಿಯಾಗಿ ಹಿಡೀತಾಳೆ. ಮಗಳನ್ನೂ ಹೀಗೇ ಹಿಡ್ಕೊಂಡಿದ್ರೆ ಅವಳು ಹೋಗ್ತಿರ್ಲಿಲ್ಲ."

ಅವಳು ನಾಯಿಯ ತಲೆಯನ್ನು ಮೆಲ್ಲಗೆ ಚಾಪೆಗಿಳಿಸಿ ಎದ್ದುಹೋದಳು. ಅವನು ಔಷಧಿಯ ಸೀಸೆಯನ್ನು ಕಿಟಕಿಯಲ್ಲಿದ್ದ ಬಟ್ಟೆಚೂರುಗಳ ಮೇಲೆ ಅಡ್ಡ ಮಲಗಿಸಿದ. ಮುಚ್ಚಳ ಸರಿಯಾಗಿ ಕೂತಿತೇ ಎಂದು ನೋಡಲಿಲ್ಲ.

ಮರುದಿನ ಅವನು ನೋಡಿದರೆ ಔಷಧಿ ಇಳಿದಿತ್ತು. ನನ್ನ ಹಂಗಿಲ್ಲದೆ ಒಬ್ಬಳೇ ಹಾಕಿ ತೋರಿಸುತ್ತಿದ್ದಾಳೆ, ಹಾಕಲಿ ಎಂದುಕೊಂಡ. ಅವಳು ನೋಡಿದಾಗ ಇನ್ನಷ್ಟು ಇಳಿದಿತ್ತು. ನನ್ನ ಕೈ ಬೇಡವಾಯಿತು, ಅವರೇ ಹಾಕಿಕೊಳ್ಳಲಿ ಎಂದುಕೊಂಡಳು. ಹಾಕಿದಿರಾ ಎಂದು ನಾಯಿಯ ಮೂಲಕವಾದರೂ ಕೇಳಬಹುದಿತ್ತು. ಕೇಳಿದವರು ಸೋತಂತೆ. ಇಬ್ಬರೂ ಸೋಲಲಿಲ್ಲ.

ನಾಲ್ಕನೆಯ ವಾರ ಗೇಟಿನ ಸದ್ದಿಗೆ ಮೊದ್ದು ಏಳಲಿಲ್ಲ. ಡಾಕ್ಟರಮ್ಮ ಕೀವು ಒರೆಸುತ್ತ, ದಿನಾ ಹಾಕುತ್ತಿದ್ದಿರಾ ಎಂದು ಕೇಳಿದಳು.

"ಇವಳು ಹಾಕ್ತಿದ್ಳು."

"ಇವರು ಹಾಕ್ತಿದ್ರು."

ಎರಡೂ ಮಾತು ಒಟ್ಟಿಗೇ ಬಿದ್ದವು. ಡಾಕ್ಟರಮ್ಮ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಸೋಂಕನ್ನು ವಾಸಿ ಮಾಡಬಹುದು, ಹೋದ ಕಿವಿ ಬರುವುದಿಲ್ಲ ಎಂದಳು.

ಮನೆಗೆ ಬಂದು ಅವಳು ಕಿಟಕಿಯ ಸೀಸೆ ಎತ್ತಿದಳು. ಕೆಳಗಿನ ಬಟ್ಟೆ ಔಷಧಿ ಕುಡಿದು ಹಳದಿಯಾಗಿ, ಅಪ್ಪಳದಂತೆ ಗರಿಗರಿಯಾಗಿತ್ತು. ಎರಡನ್ನೂ ತಂದು ಅವನ ಮುಂದಿಟ್ಟಳು. ಅವನು ಸಡಿಲವಾದ ಮುಚ್ಚಳವನ್ನು ತಿರುಗಿಸಿ, ಮತ್ತೆ ತಿರುಗಿಸಿ, ಖಾಲಿ ಸೀಸೆಯನ್ನು ಬಿಗಿಯಾಗಿ ಮುಚ್ಚಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವಳು ಒಳಗೆ ಹೋಗಿ ತಟ್ಟೆ ಹಾಕಿದಳು.

"ಮೊದ್ದೂ, ಊಟ ಆರ್ತಿದೆ ಅಂತ ಹೇಳು."

ಬಾಗಿಲ ಬಳಿ ಮಲಗಿದ್ದ ನಾಯಿಯ ಕಿವಿ ಅಲುಗಲಿಲ್ಲ. ಅವನು ಕೂತಲ್ಲೇ ಕೂತಿದ್ದ. ಸ್ವಲ್ಪ ಹೊತ್ತು ಬಿಟ್ಟು ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು, ನಾಯಿಗೇ, ಸ್ವಲ್ಪ ಜೋರಾಗಿ.