ತುಟಿಮಾತು

"ತಲೆ ಕಡೆ ಸ್ವಲ್ಪ ಎತ್ತಿ. ಗೋಡೆಗೆ ತಾಗಿಸ್ಬೇಡಿ, ಎದ್ದು ಬೈತಾಳೆ ಗಂಟಕ್ಕ," ಎಂದ ಕೆಳಮನೆಯ ದರ್ಜಿ. ಯಾರೂ ನಗಲಿಲ್ಲ, ಆದರೆ ಅವಳ ಹೆಣವಿದ್ದ ಹಲಗೆಯನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿಕೊಂಡರು.

ಮಿಲ್ಲಿನವರು ಕೆಲಸಗಾರರಿಗೆಂದು ಯಾವ ಕಾಲದಲ್ಲೋ ಕಟ್ಟಿಸಿದ ವಠಾರ ಅದು. ಮೂರನೆಯ ಮಹಡಿಯಿಂದ ಇಳಿಯುವ ಮೆಟ್ಟಿಲು ನೆಟ್ಟಗಿದ್ದವರಿಗೇ ಅಷ್ಟಕ್ಕಷ್ಟೆ. ಎರಡನೆಯ ತಿರುವಿನಲ್ಲಿ ಹೊತ್ತಿದ್ದ ನಾಲ್ವರೂ ಸಿಕ್ಕಿಕೊಂಡು ನಿಂತರು. ಭುಜದ ಮೇಲೆ ಹಲಗೆ, ಖಾಲಿ ಇದ್ದ ಕೈ ಗೋಡೆಯುದ್ದದ ಕಬ್ಬಿಣದ ಕೊಳವೆಯ ಮೇಲೆ. ಆ ಕೊಳವೆಯನ್ನು ಹಾಕಿಸಿದ್ದೂ ಅವಳೇ. ಎದುರುಮನೆಯ ಅಜ್ಜ ಜಾರಿ ಸೊಂಟ ಮುರಿದುಕೊಂಡ ಮೇಲೆ ನಗರಸಭೆಗೆ ಹನ್ನೊಂದು ಸಲ ಅಲೆದಿದ್ದಳು. ಈಕೆಯ ಕಾಟ ತಪ್ಪಿದರೆ ಸಾಕಪ್ಪಾ ಎಂದು ಇಂಜಿನಿಯರು ಹಾಕಿಸಿಕೊಟ್ಟಿದ್ದ. ಈಗ ಅದನ್ನೇ ಹಿಡಿದುಕೊಂಡು ಅವಳನ್ನು ಇಳಿಸುತ್ತಿದ್ದರು.

ಗಂಟಕ್ಕನ ಮಗಳು ಹಿಂದೆ ಬರುತ್ತಿದ್ದಳು. ನಲವತ್ತೈದು ದಾಟಿದವಳು, ಊರಿನ ಹೊಸ ಬಡಾವಣೆಯಲ್ಲಿ ಕನ್ನಡಕದ ಅಂಗಡಿಯ ಕೆಲಸ. ಎರಡು ದಿನದಿಂದ ತಲೆ ಬಾಚಿರಲಿಲ್ಲ. ಕೂದಲು ಕೆದರಿ ಭುಜದ ಮೇಲೆ ಬಿದ್ದಿತ್ತು. ಈ ಮೆಟ್ಟಿಲ ಮೇಲೇ ಏಳು ತಿಂಗಳ ಹಿಂದೆ ಅಮ್ಮನಿಗೂ ಅವಳಿಗೂ ಜಗಳವಾಗಿತ್ತು. ನನ್ನ ಮನೆಗೆ ಬಂದುಬಿಡು, ಅಲ್ಲಿ ಲಿಫ್ಟ್ ಇದೆ, ಬೀದಿಯಲ್ಲಿ ದೀಪ ಇದೆ, ಈ ಹಾಳುಕೊಂಪೆಯಲ್ಲಿ ಇನ್ನೇನಿದೆ ಎಂದು ಮಗಳು ಕೇಳಿದ್ದಳು. ಹಾಳುಕೊಂಪೆ ಎಂಬ ಮಾತು ಬರಬಾರದಿತ್ತು, ಬಂದುಬಿಟ್ಟಿತ್ತು. ಗಂಟಕ್ಕ ಮುಖ ಗಂಟು ಹಾಕಿಕೊಂಡು, "ಹಾಗಾದ್ರೆ ಇಲ್ಲಿ ನಿಂಗೇನು ಕೆಲಸ? ಹೊರಟು ಹೋಗು," ಅಂದಿದ್ದಳು. ಮಗಳು ಹೋಗಿದ್ದಳು. ಆಮೇಲೆ ಇಬ್ಬರದೂ ಬಿಗುಮಾನ, ಫೋನೂ ಇಲ್ಲ. ಹೆಸರಿಗೆ ತಕ್ಕ ಮುಖ ಎಂದು ಮಗಳು ಆಗ ಅಂದುಕೊಂಡಿದ್ದಳು.

*

ಮೊನ್ನೆ ಬೆಳಿಗ್ಗೆ ಆಸ್ಪತ್ರೆಯಿಂದ ಕರೆ ಬಂದಾಗ ಎದ್ದ ಹಾಗೆಯೇ ಓಡಿದ್ದಳು. ಅಮ್ಮನ ಮೂಗಿಗೆ ಕೊಳವೆ, ಕೈಗೆ ಸೂಜಿ. ಎದೆಯಲ್ಲಿ ಕಫ ತುಂಬಿದೆ, ದನಿ ಹೋಗಿದೆ, ಮಾತಾಡಿಸಿದರೆ ಆಯಾಸವಾಗುತ್ತದೆ ಎಂದು ನರ್ಸ್ ಹೇಳಿದಳು. ಮಿಲ್ಲಿನಲ್ಲಿ ಮೂವತ್ತು ವರ್ಷ ಹತ್ತಿಯ ನವಿರು ಕುಡಿದ ಎದೆ. ಅದಕ್ಕಿಂತ ಚೆನ್ನಾಗಿ ಇರುತ್ತದೆಂದು ಯಾರೂ ಭಾವಿಸಿರಲಿಲ್ಲ.

ಮಗಳು ಬಗ್ಗಿದಳು. ಅಮ್ಮ ಕಣ್ಣು ಬಿಟ್ಟು ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತುಟಿ ಆಡಿತು. ದನಿಯಿಲ್ಲ. ಮಗಳು ಕಿವಿಯನ್ನು ಬಾಯಿಗೆ ಹಚ್ಚಿದಳು. ಬಿಸಿ ಉಸಿರಷ್ಟೇ ಬಂತು. ಅಮ್ಮ ಇನ್ನೊಮ್ಮೆ ಅದನ್ನೇ ಆಡಿದಳು. ಸೂಜಿ ಚುಚ್ಚಿದ ಕೈಯನ್ನು ಎತ್ತಿ, ಕಿವಿಯ ಹತ್ತಿರ ಒಂದು ಸುತ್ತು ತಿರುಗಿಸಿದಳು. ಕೈ ಬಿದ್ದಿತು. ಮಧ್ಯಾಹ್ನಕ್ಕೆ ಎಲ್ಲ ಮುಗಿದಿತ್ತು.

ದುಂಡಗಾಗಿ, ತೆರೆದು, ಮತ್ತೆ ದುಂಡಗಾದ ಆ ತುಟಿಗಳನ್ನು ಮಗಳು ಎಷ್ಟು ಸಲ ನೆನೆದರೂ ಒಂದೇ ಮಾತು ಹೊಂದುತ್ತಿತ್ತು. ಹೊರಟು ಹೋಗು. ಕೈಯೂ ಹಾಗೇ ಅಟ್ಟಿತ್ತಲ್ಲ.

*

ಸ್ಮಶಾನದಲ್ಲಿ ಇವರಿಗಿಂತ ಮುಂಚೆ ಇನ್ನೊಬ್ಬರು ಬಂದಿದ್ದರು. ಒಂದು ಗಂಟೆ ಕಾಯಬೇಕು ಎಂದು ಕಾವಲಿನವನು ಹೇಳಿದ. ಗಂಡಸರು ಗೇಟಿನ ಬಳಿ ನಿಂತರು, ಮಗಳು ಒಂದು ಬೆಂಚಿನ ಮೇಲೆ ಕೂತಳು. ಎದುರು ಬೆಂಚಿನಲ್ಲಿ ಗಂಟಕ್ಕನ ಜೊತೆ ಮಗ್ಗ ನಡೆಸಿದ ನಾಲ್ವರು ಮುದುಕಿಯರು ಸಾಲಾಗಿ ಕೂತು ಹರಟೆ ಹೊಡೆಯುತ್ತಿದ್ದರು, ಒಂದಿಷ್ಟೂ ಸದ್ದಿಲ್ಲದೆ. ತುಟಿ, ಹುಬ್ಬು, ಗಲ್ಲ ಆಡುತ್ತಿದ್ದವು, ಅಷ್ಟೆ. ಮಗಳಿಗೆ ಚಿಕ್ಕಂದಿನಿಂದ ಗೊತ್ತಿದ್ದ, ಚಿಕ್ಕಂದಿನಿಂದ ಮೈ ಉರಿಸುತ್ತಿದ್ದ ನೋಟ ಅದು. ಮಗ್ಗಗಳ ಗದ್ದಲದಲ್ಲಿ ಕೂಗಿದರೂ ಕೇಳದೆಂದು ಮಿಲ್ಲಿನ ಹೆಂಗಸರು ತುಟಿಯಲ್ಲೇ ಮಾತಾಡುತ್ತಿದ್ದರು. ಅಮ್ಮ ಮನೆಗೆ ಬಂದಮೇಲೂ ಕಿಟಕಿಯಿಂದ ಕಿಟಕಿಗೆ ಅದನ್ನೇ ಆಡುವಳು. ಕಲಿಸು ಅಂದರೆ, ಇದು ಬಂದರೆ ಮಿಲ್ಲಿಗೇ ಹೋಗ್ತೀಯ, ಬೇಡ, ಪುಸ್ತಕ ಓದು ಹೋಗು ಎಂದು ಗದರುವಳು. ಕನ್ನಡಕದ ಅಂಗಡಿಯಲ್ಲಿ ದಿನವೂ ಊರವರಿಂದ ಅಕ್ಷರ ಓದಿಸುವವಳಿಗೆ ಹೆತ್ತ ತಾಯಿಯ ತುಟಿ ಓದಲು ಬರಲಿಲ್ಲ.

ಐದನೆಯವಳು, ಅಮ್ಮನ ಪಕ್ಕದ ಮಗ್ಗದಾಕೆ, ಬಂದು ಮಗಳ ಪಕ್ಕ ಕೂತಳು. ಇಬ್ಬರೂ ಇಪ್ಪತ್ತಾರು ವರ್ಷ ಒಂದೇ ಸಾಲಿನಲ್ಲಿ ನಿಂತವರು. ಈಕೆಗೆ ಕಿವಿ ಪೂರ್ತಿ ಹೋಗಿತ್ತು, ಎದುರಿನವರ ತುಟಿ ನೋಡಿಯೇ ತಿಳಿಯುವಳು, ಮಾತು ಮಾತ್ರ ಜೋರು.

"ನಿಮ್ಮಮ್ಮನಿಗೆ ಗಂಟಕ್ಕ ಅಂತ ಹೆಸರಿಟ್ಟಿದ್ದು ನಾನೇ, ಗೊತ್ತಾ?" ಎಂದಳು.

ಸದಾ ಮುಖ ಗಂಟು ಹಾಕಿಕೊಂಡಿರುತ್ತಿದ್ದಳಲ್ಲ, ಅದಕ್ಕಾ ಎಂದು ಮಗಳು ಕೇಳಿದಳು.

"ಅಯ್ಯೋ, ಅದಕ್ಕಲ್ಲ ಕಣೆ," ಎಂದ ಮುದುಕಿ ಸೆರಗು ಸರಿಸಿ, ಬಲಗಿವಿಯ ಹಿಂದೆ ಅಂಗೈಯಗಲ ಬೋಳಾಗಿದ್ದ ಜಾಗ ತೋರಿಸಿದಳು.

*

ಆಗ ಈ ಮುದುಕಿಗೆ ಹತ್ತೊಂಬತ್ತು. ಮೊಣಕಾಲು ಮುಟ್ಟುವ ಜಡೆ, ಅದರ ಜಂಬ ಬೇರೆ. ಮಗ್ಗಗಳನ್ನು ಓಡಿಸುವ ಚರ್ಮದ ಪಟ್ಟೆ ತಲೆಯ ಮೇಲಿನಿಂದ ಇಳಿದು ಬಂದು ಹೋಗುತ್ತಿತ್ತು, ಅದಕ್ಕೊಂದು ಮುಚ್ಚಳವೂ ಇರಲಿಲ್ಲ. ಅವತ್ತು ಕಡಿದ ಎಳೆಗೆ ಗಂಟು ಹಾಕಲು ಬಗ್ಗಿದ್ದಳು, ಜಡೆ ಜಾರಿತು. ಪಕ್ಕದ ಮಗ್ಗದಿಂದ ಅದನ್ನು ಕಂಡ ಗೆಳತಿ, ಇನ್ನೂ ಗಂಟಕ್ಕ ಆಗಿರದವಳು, ತುಟಿಯಲ್ಲಿ ಎಚ್ಚರಿಸಿದಳು. ಇವಳ ಕಣ್ಣು ನೂಲಿನ ಮೇಲಿತ್ತು. ಜಡೆಯನ್ನು ಪಟ್ಟೆ ಎಳೆದುಕೊಂಡಿತು. ಗೆಳತಿ ಓಡಿಬಂದು, ಸೊಂಟದಲ್ಲಿದ್ದ ನೂಲು ಕತ್ತರಿಸುವ ಕತ್ತರಿಯಿಂದ ಜಡೆಯನ್ನೇ ಕತ್ತರಿಸಿದಳು. ಅಂಗೈಯಗಲ ಚರ್ಮ ಹೋಯಿತು, ಜೀವ ಉಳಿಯಿತು.

ಮಾರನೆಯ ದಿನದಿಂದ ಆ ಗೆಳತಿ ಪಾಳಿ ಶುರುವಾಗುವ ಮುಂಚೆ ಬಾಗಿಲಲ್ಲಿ ನಿಲ್ಲತೊಡಗಿದಳು. ಒಳಗೆ ಹೋಗುವ ಒಬ್ಬೊಬ್ಬಳಿಗೂ ತುಟಿಯಲ್ಲಿ, ಕೂದಲು ಕಟ್ಕೊ. ಕಟ್ಟದವಳು ಕಂಡರೆ ಸಾಲಿನವರೆಲ್ಲ ಕೈಯನ್ನು ತಲೆಯ ಹಿಂದೆ ಇಟ್ಟುಕೊಂಡು ಅವಳನ್ನೇ ನೋಡುತ್ತ ನಿಲ್ಲಬೇಕು. ಅವಳು ಗಂಟು ಬಿಗಿಯುವವರೆಗೂ ಯಾರೂ ಮಗ್ಗ ಮುಟ್ಟುವಂತಿಲ್ಲ. ಮೇಸ್ತ್ರಿ ಕೂಗಾಡಿದ, ಸಂಬಳ ಹಿಡಿಯುತ್ತೇನೆಂದ. ಗಂಟಕ್ಕ ಜಗ್ಗಲಿಲ್ಲ. ಮಿಲ್ಲು ಮುಚ್ಚುವವರೆಗೂ ಆ ಸಾಲಿನಲ್ಲಿ ಇನ್ನೊಬ್ಬಳ ಕೂದಲು ಸಿಕ್ಕಿಕೊಳ್ಳಲಿಲ್ಲ.

*

ಮಗಳು ಆ ಬೋಳು ಜಾಗವನ್ನು ಬೆರಳಿನಿಂದ ಮುಟ್ಟಿದಳು. ಅಮ್ಮ ಇದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರನ್ನೂ ಕಾಯ್ದವಳು ತನ್ನನ್ನು ಮಾತ್ರ ಅಟ್ಟಿದಳಲ್ಲ ಎಂದು ದುಃಖ ಉಕ್ಕಿಬಂತು. ಎರಡು ದಿನದಿಂದ ಯಾರಿಗೂ ಹೇಳದೆ ನುಂಗಿಕೊಂಡಿದ್ದನ್ನು ಹೇಳಿಬಿಟ್ಟಳು.

"ಅಮ್ಮ ಕೊನೇಲಿ ನನ್ನ ಹೊರಟು ಹೋಗು ಅಂದ್ಳು, ಅತ್ತೆ."

ಮುದುಕಿ ಸಮಾಧಾನ ಹೇಳಲಿಲ್ಲ. "ದನಿ ಇತ್ತಾ?"

"ಇಲ್ಲ. ತುಟಿ ಅಷ್ಟೇ."

"ಮತ್ತೆ ನಿಂಗೆ ಹೇಗೆ ಗೊತ್ತು? ನೀನು ಅದನ್ನ ಕಲಿತವಳಲ್ಲ. ಮುಖ ಎತ್ತು, ಬೆಳಕಿಗೆ ಬಾ. ಅವಳು ಹೇಗೆ ಆಡಿದ್ಲೋ ಹಾಗೇ ಆಡಿ ತೋರ್ಸು. ದನಿ ಬೇಡ."

ಮಗಳು ಕಣ್ಣು ಒರೆಸಿಕೊಂಡಳು. ತುಟಿಗಳನ್ನು ದುಂಡಗೆ ಮುಂದಕ್ಕೆ ಮಾಡಿದಳು, ತೆರೆದಳು, ಮತ್ತೆ ದುಂಡಗೆ. ಒಂದು ಉಸಿರು ತಡೆದು, ಅಗಲವಾಗಿ ತೆರೆದು, ಕೊನೆಗೆ ಇನ್ನೊಮ್ಮೆ ದುಂಡಗೆ ಮಾಡಿದಳು. ತಪ್ಪಿತೇನೋ ಎನಿಸಿ ಮೊದಲಿನಿಂದ ಇನ್ನೊಮ್ಮೆ ಆಡಿದಳು.

ಪಕ್ಕದವಳು ಬಾಯಿ ತೆರೆಯುವ ಮುಂಚೆಯೇ ಎದುರು ಬೆಂಚಿನಲ್ಲಿ ಹರಟೆ ನಿಂತಿತು. ನಾಲ್ವರು ಮುದುಕಿಯರ ನಾಲ್ಕು ಕೈ, ಯಾರೂ ಹೇಳದೆ, ತಲೆಯ ಹಿಂದಕ್ಕೆ ಹೋದವು. ಒಬ್ಬಳಿಗಂತೂ ಕಾಯಿಲೆಯಿಂದ ಕೂದಲೆಲ್ಲ ಉದುರಿ ಕಟ್ಟಲು ಏನೂ ಉಳಿದಿರಲಿಲ್ಲ. ಅವಳ ಕೈಯೂ ಹೋಯಿತು.

"ನೋಡಿದ್ಯಾ," ಎಂದಳು ಪಕ್ಕದ ಮಗ್ಗದಾಕೆ. ಅವಳ ಜೋರು ದನಿ ಮೊದಲ ಸಲ ತಗ್ಗಿತ್ತು. "ನೀನು ಅವತ್ತು ಹೀಗೇ ಕೂದಲು ಕೆದರ್ಕೊಂಡು ಹೋಗಿದ್ದೆ ಅಲ್ವಾ?"

ಮಗಳು ತಲೆಯಾಡಿಸಿದಳು. ಕಿವಿಯ ಹತ್ತಿರ ಸುತ್ತು ತಿರುಗಿ ಬಿದ್ದ ಅಮ್ಮನ ಕೈ ನೆನಪಾಗಿ ತನ್ನ ಕೈಯನ್ನೂ ಹಾಗೇ ಒಂದು ಸುತ್ತು ತಿರುಗಿಸಿದಳು. ಗೇಟಿನ ಕಡೆಯಿಂದ ದರ್ಜಿ, ಹೊತ್ತಾಯ್ತು, ಮಗಳು ಬರಬೇಕಂತೆ ಎಂದು ಕರೆದ. ಅವಳು ಎದ್ದಳು.

ಎದುರಿನವರು ಕೈ ಇಳಿಸಿರಲಿಲ್ಲ. ಅವಳನ್ನೇ ನೋಡುತ್ತ ಕಾಯುತ್ತಿದ್ದರು.

ಮಗಳು ಎರಡೂ ಕೈಯೆತ್ತಿ ಕೂದಲನ್ನು ಹಿಂದಕ್ಕೆ ಒಟ್ಟುಮಾಡಿದಳು, ತಿರುವಿದಳು, ಸುತ್ತಿದಳು. ಮುದುಕಿ ತನ್ನ ತಲೆಯಿಂದ ಒಂದು ಪಿನ್ನು ತೆಗೆದು ಕೊಟ್ಟಳು. ಮಗಳು ಗಂಟು ಬಿಗಿದು ಪಿನ್ನು ಸಿಕ್ಕಿಸಿದಳು. ಆಮೇಲೆ ನಾಲ್ಕು ಕೈಗಳೂ ಒಟ್ಟಿಗೆ ಕೆಳಗಿಳಿದವು.